ಸರ್ಟನ್ ಎಂಬ ಶಬ್ದ ಮತ್ತು ಒಂದು ಕಾಗದ

ಇಂಗ್ಲಿಷಿನಲ್ಲಿ ಸರ್ಟನ್ ಎಂಬ ಒಂದು ವಿಶೇಷಣವಿದೆ. ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿ ನಿವೃತ್ತನಾದ ನಾನು ಆ ಶಬ್ದದ ಅರ್ಥ ನನಗೆ ತಡವಾಗಿ ತಿಳಿಯಿತೆಂದು ಹೇಳಿದರೆ ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು. ನಗಲಿ. ಅದು ಕಷ್ಟದ ಶಬ್ದವೇನೂ ಅಲ್ಲ. ಹೈಸ್ಕೂಲಿನ ಹುಡುಗನೂ ಬಲ್ಲ. ನಿಘಂಟು ತೆರೆದರೆ ನಿಶ್ಚಿತ, ಖಚಿತ, ಸಂಶಯವಿಲ್ಲದ ಎಂಬ ಅರ್ಥಗಳು ಸಾಲಾಗಿ ಕೂತಿರುತ್ತವೆ. ಅವು ಮುಗಿದ ಮೇಲೆ ಇನ್ನೊಂದು ಅಂಕಿ ಹಾಕಿ ಯಾವನೋ ಒಬ್ಬ, ಯಾವುದೋ ಒಂದು, ಕೆಲವು ಎಂದು ಕೊಟ್ಟಿರುತ್ತದೆ. ಖಚಿತವಾದದ್ದಕ್ಕೂ ಅದೇ ಶಬ್ದ, ಯಾವುದೋ ಒಂದಕ್ಕೂ ಅದೇ ಶಬ್ದ! ಪಾಲಾದ ಅಣ್ಣತಮ್ಮಂದಿರು ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿಕೊಂಡು ಇರುತ್ತಾರಲ್ಲ, ಹಾಗೆ ಈ ಎರಡು ಅರ್ಥಗಳು ಇವೆ. ನಿಘಂಟುಕಾರರು ಆ ಗೋಡೆಯನ್ನು ಒಂದು ಅಂಕಿಯಿಂದ ಕಟ್ಟಿ ಮುಗಿಸಿದ್ದಾರೆ. ಇವರು ಒಂದೇ ತಾಯಿಯ ಮಕ್ಕಳು ಹೇಗಾದರು, ಗೋಡೆಯ ಕೆಳಗಿನ ಅಡಿಪಾಯ ಯಾವುದು ಎಂಬುದನ್ನು ಹೇಳುವುದಿಲ್ಲ. ಅವರ ಮೇಲೆ ನನ್ನ ತಕರಾರು ಇಷ್ಟೇ. ಆದರೆ ಈ ತಕರಾರು ನನಗೆ ಪುಸ್ತಕ ಓದಿ ಹುಟ್ಟಿದ್ದಲ್ಲ.

ಒಮ್ಮೆ ಪದವಿ ತರಗತಿಯ ಅನುವಾದದ ಉತ್ತರ ಪತ್ರಿಕೆಯಲ್ಲಿ ಒಬ್ಬ ಹುಡುಗ, ಖಚಿತವಾದ ಊರಿನಲ್ಲಿ ಒಬ್ಬ ಖಚಿತವಾದ ರಾಜನಿದ್ದನು ಎಂದು ಬರೆದಿದ್ದ. ಒಂದಾನೊಂದು ಊರು, ಒಬ್ಬಾನೊಬ್ಬ ರಾಜ ಎಂದು ಬರೆಯಬೇಕಾದ ಜಾಗ ಅದು. ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ. ಎಲ್ಲರೂ ನಕ್ಕೆವು. ಎರಡು ಅಂಕ ಕಳೆದೆ. ಆ ರಾಜನನ್ನು ಖಚಿತ ರಾಜ ಎಂದೇ ಕರೆದು ಒಂದು ತಿಂಗಳು ಚಹಾದ ಹೊತ್ತಿನಲ್ಲಿ ನಗುತ್ತಿದ್ದೆವು. ಹುಡುಗ ತಪ್ಪು ಮಾಡಿದ್ದು ನಿಜ. ಆದರೆ ಅವನು ಎಡವಿದ ಕಲ್ಲು ಎಂಥದ್ದೆಂದು ನಾವ್ಯಾರೂ ಬಗ್ಗಿ ನೋಡಲಿಲ್ಲ.

ನಾನು ಆ ಕಲ್ಲನ್ನು ಎಡವಿದ್ದು ಸುಮಾರು ಮೂವತ್ತು ವರ್ಷದ ಹಿಂದೆ. ನಮ್ಮ ಓಣಿಯ ಕೊನೆಯ ಮನೆಯ ಹೆಣ್ಣುಮಗಳೊಬ್ಬಳು, ನನಗಿಂತ ಹತ್ತು ವರ್ಷ ಹಿರಿಯಳು, ಒಂದು ಲಕೋಟೆ ಹಿಡಿದುಕೊಂಡು ಬಂದಳು. ಗಂಡ ಒಂದು ಕಚೇರಿಯಲ್ಲಿ ಜವಾನನಾಗಿದ್ದು ತೀರಿಕೊಂಡು ಆರು ತಿಂಗಳಾಗಿತ್ತು. ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದ್ದಳು. ಅದಕ್ಕೆ ಉತ್ತರ ಬಂದಿತ್ತು.

"ಮಾಸ್ತರ, ಇಂಗ್ಲೀಷಿನ್ಯಾಗ ಬಂದೈತ್ರಿ. ಏನಂತಾರ ನೋಡ್ರಿ."

ಮೂರು ಸಾಲಿನ ಕಾಗದ. ಸರ್ಟನ್ ದಾಖಲೆಗಳು ಬಂದು ತಲುಪಿದ ಬಳಿಕ ಅರ್ಜಿಯನ್ನು ಪರಿಶೀಲಿಸಲಾಗುವುದು ಎಂಬುದು ಅದರ ತಾತ್ಪರ್ಯ. ನಾನು ಕನ್ನಡಕವನ್ನೂ ಸರಿಯಾಗಿ ಏರಿಸದೆ, "ಕೆಲವು ಕಾಗದ ಬರಬೇಕಂತರಿ, ಬಂದ ಮ್ಯಾಲೆ ನೋಡ್ತಾರಂತ" ಎಂದೆ.

"ಯಾವ ಕಾಗದ ಅಂತ ಬರದಿಲ್ಲೇನ್ರಿ?"

"ಇಲ್ಲರಿ ಅಕ್ಕಾರ, ಬರೇ ಕೆಲವು ಅಂತ ಅದ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಬರದಾವಗರೆ ಗೊತ್ತೈತೇನ್ರಿ?" ಎಂದಳು.

ಇದು ವಿಚಿತ್ರ ಪ್ರಶ್ನೆ ಎನಿಸಿ ನಾನು ನಕ್ಕೆ. ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ಹೋಗಬೇಕಾದ ಕಾಗದ ಇದ್ದೇ ಇರುತ್ತವೆ, ತಾವಾಗಿ ಹೋಗುತ್ತವೆ ಎಂದು ನನ್ನ ಊಹೆ. "ಖಂಡಿತ ಬರ್ತದರಿ, ಕಾಳಜಿ ಮಾಡಬ್ಯಾಡ್ರಿ" ಎಂದು ಹೇಳಿ ಕಳಿಸಿದೆ. ಆಕೆ ಓದಿದವನ ಮಾತು ನಂಬಿ ಐದು ತಿಂಗಳು ಕಾದಳು. ಆರನೆಯ ತಿಂಗಳು ತಾನೇ ಬಸ್ಸು ಹತ್ತಿ ಆ ಕಚೇರಿಗೆ ಹೋದಳು. ಮೇಜಿನ ಹಿಂದಿದ್ದವನು ಕಡತವನ್ನೂ ತೆರೆಯದೆ ಹೇಳಿದನಂತೆ: ಗಂಡನ ಮರಣ ಪ್ರಮಾಣಪತ್ರದ ದೃಢೀಕರಿಸಿದ ನಕಲು ಒಂದು, ಎರಡು ದಾಖಲೆಗಳಲ್ಲಿ ಅವನ ಹೆಸರು ಎರಡು ರೀತಿಯಾಗಿ ಬಿದ್ದಿದೆ, ಇಬ್ಬರೂ ಒಬ್ಬನೇ ಎಂದು ಅಫಿಡವಿಟ್ಟು ಒಂದು. ಎರಡೂ ಆಕೆಯೇ ತರಬೇಕಾದವು. ನಾಲ್ಕು ದಿನದ ಕೆಲಸ. ಅಷ್ಟರಲ್ಲಿ ಆಕೆ ಹಾಲು ಹಿಂಡುತ್ತಿದ್ದ ಎಮ್ಮೆಯನ್ನು ಮಾರಿಕೊಂಡಿದ್ದಳು.

ಅಂದರೆ ಬರೆದವನಿಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಆಕೆ ಕೇಳಿದ್ದು ವಿಚಿತ್ರ ಪ್ರಶ್ನೆಯಾಗಿರಲಿಲ್ಲ. ಸರ್ಟನ್ ಎಂಬ ಶಬ್ದದ ಬಗ್ಗೆ ಕೇಳಬೇಕಾದ ಒಂದೇ ಪ್ರಶ್ನೆ ಅದು. ಗೋಡೆಯ ಕೆಳಗಿನ ಅಡಿಪಾಯವೂ ಅದೇ.

ಶಬ್ದದ ಮೂಲಕ್ಕೆ ಹೋಗೋಣ. ಲ್ಯಾಟಿನ್ನಿನಲ್ಲಿ ಕೆರ್ನೆರೆ ಎಂಬ ಧಾತುವಿದೆ. ಜರಡಿ ಹಿಡಿಯುವುದು, ಬೇರ್ಪಡಿಸುವುದು ಎಂದು ಅದರ ಅರ್ಥ. ಜರಡಿ ಹಿಡಿದು ಬೇರೆ ಮಾಡಿಟ್ಟದ್ದು ಕೆರ್ಟುಸ್. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಸರ್ಟನ್ ಆಯಿತು. ಹೊಟ್ಟು ಹೋಗಿ ಕಾಳು ಉಳಿದ ಮೇಲೆ ಕಾಳಿನ ಬಗ್ಗೆ ಸಂಶಯವಿಲ್ಲ. ಅದು ಮೊದಲನೆಯ ಅರ್ಥ. ರಾಶಿಯಿಂದ ತೆಗೆದು ಬೇರೆ ಇಟ್ಟ ಕಾಳು, ಇದು ಎಂದು ಬೆರಳಿಟ್ಟು ತೋರಿಸಬಹುದಾದ ಕಾಳು. ಅದು ಎರಡನೆಯ ಅರ್ಥದ ಬೀಜ. ಆದರೆ ಜರಡಿ ಹಿಡಿದವನಿಗೆ ಮಾತ್ರ ಅದು ಯಾವುದೆಂದು ಗೊತ್ತು. ದೂರ ನಿಂತು ಕೇಳುವವನಿಗೆ ಯಾವುದೋ ಒಂದು ಕಾಳು ಎಂದಷ್ಟೇ ತಿಳಿಯುತ್ತದೆ. ಸರ್ಟನ್ ಎಂದರೆ ಹೇಳುವವನ ಪಾಲಿಗೆ ಖಚಿತ, ಕೇಳುವವನ ಪಾಲಿಗೆ ಅನಿಶ್ಚಿತ. ಅರ್ಥ ಎರಡಲ್ಲ. ಕಡೆ ಎರಡು.

ಲ್ಯಾಟಿನ್ನಿನವರಿಗೆ ಈ ಗೊಂದಲವಿರಲಿಲ್ಲ. ನಿಶ್ಚಿತಕ್ಕೆ ಕೆರ್ಟುಸ್ ಇತ್ತು. ಬಲ್ಲೆ ಆದರೆ ಹೆಸರು ಹೇಳುತ್ತಿಲ್ಲ ಎನ್ನುವುದಕ್ಕೆ ಕ್ವಿದಾಮ್ ಎಂಬ ಬೇರೆಯೇ ಶಬ್ದವಿತ್ತು. ಇಂಗ್ಲಿಷ್ ಎರಡೂ ಕೆಲಸವನ್ನು ಒಂದೇ ಆಳಿಗೆ ಹಚ್ಚಿತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಲೂಕನ ಸುವಾರ್ತೆಯ ಸಾಮತಿಗಳನ್ನು ನೋಡಿ: ಕಳ್ಳರ ಕೈಗೆ ಸಿಕ್ಕ ಪ್ರಯಾಣಿಕನಾಗಲಿ, ಇಬ್ಬರು ಮಕ್ಕಳ ತಂದೆಯಾಗಲಿ, ಅಲ್ಲಿ ಸರ್ಟನ್ ಮನುಷ್ಯನಾಗಿಯೇ ಕಥೆಯೊಳಗೆ ಬರುತ್ತಾನೆ. 20ನೆಯ ಶತಮಾನದ ಹಲವು ಅನುವಾದಗಳು ಆ ಶಬ್ದ ಬಿಟ್ಟು ಬರಿದೇ ಒಬ್ಬ ಮನುಷ್ಯ ಎಂದವು. ಅರ್ಥಕ್ಕೆ ಕುಂದಾಗಲಿಲ್ಲ ನಿಜ, ಆದರೆ ಹಳೆಯದರಲ್ಲಿ ಕಥೆ ಹೇಳುವವನಿಗೆ ಆ ಮನುಷ್ಯನ ಮನೆ ಗೊತ್ತು ಎಂಬ ಭಾವವಿತ್ತು. ಅದು ಹೋಯಿತು ಎಂದು ನನಗೆ ಅನಿಸುತ್ತದೆ.

ಫ್ರೆಂಚಿನಲ್ಲಿ ಒಂದು ಅಚ್ಚುಕಟ್ಟು ಇದೆ. ಇದೇ ವಿಶೇಷಣ ನಾಮಪದದ ಹಿಂದೆ ನಿಂತರೆ ಒಂದು ಅರ್ಥ, ಮುಂದೆ ನಿಂತರೆ ಇನ್ನೊಂದು. ಸಂಗತಿ ಎಂಬ ಪದ ಮೊದಲು ಬಂದು ಸೆರ್ತೆನ್ ಆಮೇಲೆ ಬಂದರೆ ಅದು ನಿಶ್ಚಿತ ಸಂಗತಿ. ಸೆರ್ತೆನ್ ಮೊದಲು ಬಂದರೆ ಯಾವುದೋ ಒಂದು ಸಂಗತಿ. ಇಂಗ್ಲಿಷಿನಲ್ಲಿ ಅಂಥ ನೇಮವಿಲ್ಲ. ಸಾವಿನ ಹಿಂದೆ ಸರ್ಟನ್ ಎಂದಷ್ಟೇ ಬರೆದರೆ ತಪ್ಪದ ಸಾವು. ಅದರ ಹಿಂದೆ ಒಂದು ಎಂಬರ್ಥದ ಪುಟ್ಟ ಅಕ್ಷರ ಬಂದು ಕೂತರೆ ಯಾವುದೋ ಒಂದು ಸಾವು. ಸೌಂದರ್ಯದ ಜತೆಗೆ ಬಂದರೆ ಅದು ಹೊಗಳಿಕೆಯೂ ಅಲ್ಲ. ಅಷ್ಟಿಷ್ಟು ಲಕ್ಷಣವಿದೆ ಎಂಬ ಜಿಪುಣತನ. ಒಬ್ಬರ ಹೆಸರಿನ ಹಿಂದೆ ಬಂದರೆ, ಯಾರೋ ಇಂಥ ಹೆಸರಿನವನಂತೆ, ನಮಗೇನು ಗೊತ್ತು ಎಂದು ಮೂಗು ಮುರಿಯುವ ದನಿ. ಹೆಂಗಸಿನ ವಯಸ್ಸಿನ ಜತೆ ಬಂದರೆ ಸರಿಯಾಗಿ ಗೊತ್ತು, ಬಾಯಿಬಿಡುವುದಿಲ್ಲ ಎಂಬ ಸಭ್ಯತೆ. ಎಲ್ಲ ಕಡೆಯೂ ಹೇಳುವವನ ಕೈ ಮುಷ್ಟಿಯಾಗಿರುತ್ತದೆ. ಒಳಗೆ ಏನಿದೆ ಎಂಬುದು ಅವನ ಮರ್ಜಿ.

ತರಗತಿಯಲ್ಲಿ ನಾನು ಪ್ರತಿ ವರ್ಷ ಕಲಿಸುತ್ತಿದ್ದ ಇನ್ನೊಂದು ಸೂಕ್ಷ್ಮವಿದೆ. ಗೆಲ್ಲುವುದರ ಬಗ್ಗೆ ಒಬ್ಬ ಸರ್ಟನ್ ಆಗಿದ್ದಾನೆ ಎನ್ನುವುದನ್ನು ಇಂಗ್ಲಿಷಿನಲ್ಲಿ ಎರಡು ರೀತಿ ಹೇಳಬಹುದು. ಸರ್ಟನ್ ಆದ ಮೇಲೆ ಆಫ್ ಎಂಬ ಅವ್ಯಯ ಬಂದರೆ ನಂಬಿಕೆ ಅವನದು. ಪಾಪ, ಸೋತರೂ ಸೋತಾನು. ಟು ಬಂದರೆ ನಂಬಿಕೆ ಮಾತನಾಡುವವನದು. ಅವನಿಗೆ ಗೆಲ್ಲುವ ಆಸೆಯೇ ಇಲ್ಲದಿರಬಹುದು. ಎರಡಕ್ಷರದ ಅವ್ಯಯ ಬದಲಾದರೆ ನಂಬಿಕೆಯ ಮಾಲೀಕ ಬದಲಾಗುತ್ತಾನೆ. ಇದನ್ನು ಕಪ್ಪು ಹಲಗೆಯ ಮೇಲೆ ಬರೆದು ಬರೆದು ತೋರಿಸಿದ ನಾನು, ಮೂರು ಸಾಲಿನ ಕಾಗದದ ಮುಂದೆ ಮಾಲೀಕ ಯಾರೆಂದು ಕೇಳಲಿಲ್ಲ. ಶಾಲೆ ಕಾಣದ ಹೆಣ್ಣುಮಗಳು ಕೇಳಿದಳು.

ಈಗ ಕನ್ನಡಕ್ಕೆ ಬರೋಣ. ನನ್ನ ತಪ್ಪು ಕೆಲವು ಎಂಬ ಮಾತಿನಲ್ಲಿತ್ತು. ಕೆಲವು ಎಂದರೆ ಎಣಿಕೆ. ಹೆಚ್ಚಲ್ಲ, ಒಂದೂ ಅಲ್ಲ ಎಂದಷ್ಟೇ. ಹೇಳುವವನಿಗೆ ಅವು ಯಾವುವೆಂದು ತಿಳಿದಿದೆ ಎಂಬ ಅಂಶ ಅದರಲ್ಲಿಲ್ಲ. ಬಾಯಿಮಾತಿನಲ್ಲಾದರೆ ದನಿಯಿಂದ ಆ ಅಂಶವನ್ನು ತುಂಬಬಹುದು. ಈ ಮನೆಯಲ್ಲಿ ಕೆಲವರಿಗೆ ಬೆಳಗಾಗುವುದೇ ಎಂಟಕ್ಕೆ ಎಂದು ಅತ್ತೆಯಾದವಳು ಒಲೆಯ ಮುಂದೆ ಕೂತು ಹೇಳಿದರೆ, ಆ ಕೆಲವರು ಎಷ್ಟು ಜನ, ಯಾರು ಎಂದು ಸೊಸೆಗೆ ವಿವರಿಸಬೇಕಾಗಿಲ್ಲ. ಅದು ನಿಜವಾದ ಸರ್ಟನ್. ಆದರೆ ಕಾಗದಕ್ಕೆ ದನಿಯಿಲ್ಲ. ಯಾವುದೋ ಎಂದರೂ ಸರಿಹೋಗುವುದಿಲ್ಲ. ಆ ಓಕಾರ ಬಂದೊಡನೆ ಹೇಳುವವನಿಗೂ ಗೊತ್ತಿಲ್ಲ ಎಂದಾಗುತ್ತದೆ. ಸರಕಾರಿ ಅನುವಾದಗಳಲ್ಲಿ ನಿರ್ದಿಷ್ಟ ಎಂದು ಹಾಕುತ್ತಾರೆ. ನಿರ್ದಿಷ್ಟ ಎಂದರೆ ತೋರಿಸಿಕೊಟ್ಟದ್ದು. ತೋರಿಸದೆಯೇ ತೋರಿಸಿಕೊಟ್ಟದ್ದು ಎನ್ನುವುದು ಹೇಗೆ?

ಬಹಳ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಂಥ ಎಂಬ ನಮ್ಮ ಬಡ ಶಬ್ದ. ಇಂಥ ದಿನ, ಇಂಥ ಹೊತ್ತಿಗೆ, ಇಂಥವರ ಮನೆಗೆ ಬರಬೇಕು ಎನ್ನುತ್ತೇವಲ್ಲ. ಅಲ್ಲಿ ಒಂದು ಖಾಲಿ ಜಾಗವಿದೆ, ಅದನ್ನು ತುಂಬುವ ಸಂಗತಿ ಯಾರದೋ ಬಳಿ ಇದೆ ಎಂದು ಆ ಶಬ್ದವೇ ಕೂಗಿ ಹೇಳುತ್ತದೆ. ಇಂಥಿಂಥ ಕಾಗದ ಬೇಕಂತ, ಯಾವು ಅಂತ ಮಾತ್ರ ಹೇಳಿಲ್ಲ ಎಂದು ನಾನು ಅಂದಿದ್ದರೆ ಆಕೆ ಮರುದಿನವೇ ಬಸ್ಸು ಹತ್ತುತ್ತಿದ್ದಳು. ಕೆಲವು ಎಂದೆ. ಕೂತಳು.

ಇನ್ನು ನಾನು ಹೇಳಿದ ಖಂಡಿತ. ಸಂಸ್ಕೃತದಲ್ಲಿ ಖಂಡಿತ ಎಂದರೆ ತುಂಡಾದದ್ದು. ಅಲಂಕಾರಶಾಸ್ತ್ರದ ಎಂಟು ನಾಯಿಕೆಯರಲ್ಲಿ ಒಬ್ಬಳು ಖಂಡಿತೆ. ರಾತ್ರಿಯೆಲ್ಲ ಬೇರೊಬ್ಬಳ ಮನೆಯಲ್ಲಿದ್ದು ಬೆಳಿಗ್ಗೆ ಗುರುತು ಹೊತ್ತು ಬಂದ ನಲ್ಲನ ಮುಂದೆ ಸಿಟ್ಟಾಗಿ ನಿಂತವಳು. ಅಂಥ ಶಬ್ದ ಕನ್ನಡಕ್ಕೆ ಬಂದು ನಿಶ್ಚಯದ ಅರ್ಥ ಪಡೆಯಿತು; ಕತ್ತರಿಸಿದ ಹಾಗೆ ಮಾತಾಡುವವನು ಖಂಡಿತವಾದಿಯಾದ. ಖಚಿತ ಎಂದರೆ ಸಂಸ್ಕೃತದಲ್ಲಿ ಕೂರಿಸಿದ್ದು, ರತ್ನಖಚಿತ ಎನ್ನುವಾಗಿನ ಖಚಿತ. ಕುಂದಣದಲ್ಲಿ ಹರಳು ಅಲ್ಲಾಡದೆ ಕೂತ ಹಾಗೆ ಮಾತು ಕೂತರೆ ನಮಗೆ ಅದು ಖಚಿತ. ಪಕ್ಕಾ ಹಿಂದಿಯಿಂದ ಬಂದದ್ದು, ಹಣ್ಣಾದದ್ದು, ಬೆಂದದ್ದು. ಇಂಗ್ಲಿಷಿನವರು ಜರಡಿ ಹಿಡಿದರು, ನಾವು ಕಡಿದೆವು, ಹರಳು ಕೂರಿಸಿದೆವು, ಬೇಯಿಸಿದೆವು. ಕೈಗೆ ಸಿಕ್ಕುವ ಕೆಲಸದಿಂದಲೇ ಎಲ್ಲರೂ ನಿಶ್ಚಯದ ಶಬ್ದ ಮಾಡಿಕೊಂಡಿದ್ದಾರೆ.

ಆದರೆ ಇವೆಲ್ಲ ಹೊರಗಿನಿಂದ ಬಂದ ಸಾಮಾನು. ಕನ್ನಡದ ಸ್ವಂತ ನಿಶ್ಚಯ ವಿಶೇಷಣದಲ್ಲಿಲ್ಲ, ಕ್ರಿಯಾಪದದಲ್ಲಿದೆ. ಬಂದೇ ಬರುತ್ತಾನೆ, ಮಾಡಿಯೇ ತೀರುತ್ತೇನೆ. ಒಂದು ಏಕಾರ ಸಾಕು. ಒಂದು ಓಕಾರ ಬಂದರೆ ಸಂಶಯ: ಬರುತ್ತಾನೋ ಏನೋ. ನಡುವೆ ಒಂದು ಇಡೀ ಸಂಭಾವನಾ ರೂಪವೇ ಇದೆ: ಬಂದಾನು, ಆದೀತು, ಮಳೆ ಹೋದೀತು. ಈ ಬರಹದ ಮೊದಲಲ್ಲೇ ವಿದ್ಯಾರ್ಥಿಗಳು ನಕ್ಕಾರು ಎಂದು ಬರೆದೆನಲ್ಲ, ಅದು ಈ ರೂಪ. ಇಂಗ್ಲಿಷ್ ಎರಡು ಮೂರು ಶಬ್ದ ಕೂಡಿಸಿ ಹೇಳುವುದನ್ನು ಇದು ಒಂದೇ ಉಸಿರಿನಲ್ಲಿ ಹೇಳುತ್ತದೆ. ನಮ್ಮ ಪತ್ರಿಕೆಗಳು ಇದನ್ನು ಕೈಬಿಡುತ್ತ ಬಂದು ಎಲ್ಲದಕ್ಕೂ ಸಾಧ್ಯತೆ ಇದೆ ಎಂದು ಅಂಟಿಸುತ್ತಿರುವುದು ನನಗೆ ಬೇಸರದ ವಿಷಯ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಏಕಾರವೂ ಸಾಲದೆ ಖಂಡಿತ ಎಂಬ ಶಬ್ದವನ್ನು ಮೇಲೆ ಹೇರಿದಾಗ ಏನಾಗುತ್ತದೆಂಬುದು ಮದುವೆಯ ಕರೆ ಕೊಟ್ಟು ಬಂದವರಿಗೆಲ್ಲ ಗೊತ್ತು. ಬರ್ತೀನಿ ಎಂದವನಿಗೆ ಎಲೆ ಹಾಕಿಸಬಹುದು. ನೋಡೋಣ ಎಂದವನಿಗೂ ಒಂದು ಎಲೆ ತೆಗೆದಿಡಬಹುದು. ಖಂಡಿತಾ ಬರ್ತೀನಿ ಎಂದವನನ್ನು ಲೆಕ್ಕದಿಂದ ಬಿಡುವುದೇ ಮೇಲು. ಇಂಗ್ಲಿಷಿನಲ್ಲೂ ಹೀಗೆಯೇ. ಆತ ಮನೆಯಲ್ಲಿದ್ದಾನೆ ಎಂದರೆ ಕಂಡು ಹೇಳಿದ್ದು. ಆತ ಮನೆಯಲ್ಲಿರುವುದು ಸರ್ಟನ್ ಎಂದರೆ ಊಹಿಸಿ ಹೇಳಿದ್ದು. ಸಂಶಯವಿಲ್ಲದ ಕಡೆ ಯಾರೂ ಸಂಶಯವಿಲ್ಲ ಎಂದು ಹೇಳಲು ಹೋಗುವುದಿಲ್ಲ.

ಈ ಶಬ್ದಕ್ಕೆ ಲಗಾಮು ಹಾಕಲು ಹೊರಟ ಒಬ್ಬನ ಕಥೆ ಕೇಳಬೇಕು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿ ಷರ್ಮನ್ ಕೆಂಟ್ ಎಂಬವನಿದ್ದ. 1951ರಲ್ಲಿ ಯುಗೊಸ್ಲಾವಿಯದ ಮೇಲೆ ದಾಳಿ ನಡೆದೀತೇ ಎಂಬುದರ ಕುರಿತು ಅವನ ಮಂಡಳಿ ಒಂದು ಅಂದಾಜು ಬರೆದು, ಗಂಭೀರ ಸಾಧ್ಯತೆ ಎಂದು ಪರಿಗಣಿಸಬೇಕು ಎಂಬರ್ಥದ ಮಾತು ಹಾಕಿತು. ಕೆಲವು ದಿನದ ಮೇಲೆ ವಿದೇಶಾಂಗ ಇಲಾಖೆಯ ಹಿರಿಯ ಅಧಿಕಾರಿಯೊಬ್ಬ, ಅದರರ್ಥ ಎಷ್ಟು ಎಂದು ಕೇಳಿದ. ತನ್ನ ಮನಸ್ಸಿನಲ್ಲಿದ್ದದ್ದು ನೂರಕ್ಕೆ ಅರವತ್ತೈದು ಎಂದು ಕೆಂಟ್ ಹೇಳಿದಾಗ ಆತ ಬೆಚ್ಚಿದ. ಅವರೆಲ್ಲ ಬಹಳ ಕಡಿಮೆ ಎಂದುಕೊಂಡಿದ್ದರು. ಕೆಂಟ್ ಹಿಂದಿರುಗಿ, ಆ ಮಾತಿಗೆ ಸಮ್ಮತಿಸಿದ ತನ್ನ ಮಂಡಳಿಯವರನ್ನೇ ಒಬ್ಬೊಬ್ಬರಾಗಿ ಕೇಳಿದ. ಒಬ್ಬನ ಮನಸ್ಸಿನಲ್ಲಿ ನೂರಕ್ಕೆ ಇಪ್ಪತ್ತಿತ್ತು, ಇನ್ನೊಬ್ಬನಲ್ಲಿ ಎಂಬತ್ತು! ಆ ದಾಳಿ ನಡೆಯಲೇ ಇಲ್ಲ, ಅದು ಬೇರೆ ಮಾತು. 1964ರಲ್ಲಿ ಕೆಂಟ್ ಇದನ್ನೆಲ್ಲ ಒಂದು ಪ್ರಬಂಧವಾಗಿ ಬರೆದ. ಸರ್ಟನ್ ಎಂದರೆ ನೂರಕ್ಕೆ ನೂರು, ಹೆಚ್ಚುಕಡಿಮೆ ಸರ್ಟನ್ ಎಂದರೆ ತೊಂಬತ್ತಮೂರು, ಅತ್ತಿತ್ತ ಆರು ಎಂದು ಅದರಲ್ಲಿ ಕೋಷ್ಟಕವನ್ನೇ ಕೊಟ್ಟ. ತನ್ನ ಸಹೋದ್ಯೋಗಿಗಳಲ್ಲಿ ಇದಕ್ಕೆ ಒಪ್ಪಿದವರನ್ನು ಗಣಿತಜ್ಞರೆಂದೂ ಒಪ್ಪದವರನ್ನು ಕವಿಗಳೆಂದೂ ಕರೆದ. ಕವಿಗಳ ಪಂಗಡಕ್ಕೆ ಸೇರಿದವನಾದರೂ ನನಗೆ ಕೆಂಟನ ಮೇಲೆ ಗೌರವವಿದೆ. ಅವನೂ ನಮ್ಮ ಓಣಿಯ ಅಕ್ಕನ ಪ್ರಶ್ನೆಯನ್ನೇ ಕೇಳಿದ್ದ: ಬರೆದವನ ಮನಸ್ಸಿನಲ್ಲಿ ಏನಿದೆ?

ನಮ್ಮ ಕಾನೂನೂ ಇದನ್ನು ಕೇಳುತ್ತದೆ, ಆದರೆ ವ್ಯಾಪಾರಿಗಳನ್ನು ಮಾತ್ರ. 1872ರ ಕರಾರು ಕಾಯಿದೆಯ 29ನೆಯ ಕಲಮಿನಲ್ಲಿ ಸರ್ಟನ್ ಎಂಬ ಶಬ್ದ ಎರಡು ಸಲ ಬರುತ್ತದೆ. ಅರ್ಥ ಖಚಿತವಲ್ಲದ, ಖಚಿತ ಮಾಡಿಕೊಳ್ಳಲೂ ಬಾರದ ಒಪ್ಪಂದ ಅನೂರ್ಜಿತ. ಕೆಳಗೆ ಕೊಟ್ಟ ದೃಷ್ಟಾಂತಗಳು ಚಂದ ಇವೆ. ನೂರು ಟನ್ ಎಣ್ಣೆ ಮಾರುತ್ತೇನೆಂದು ಒಬ್ಬ ಒಪ್ಪುತ್ತಾನೆ. ಯಾವ ಎಣ್ಣೆಯೆಂದು ತಿಳಿಯುವಂತಿಲ್ಲ, ಒಪ್ಪಂದ ಬಿತ್ತು. ಅವನು ತೆಂಗಿನೆಣ್ಣೆಯೊಂದನ್ನೇ ಮಾರುವ ವ್ಯಾಪಾರಿಯಾದರೆ ಅರ್ಥ ಅವನ ಅಂಗಡಿಯಿಂದಲೇ ಸಿಕ್ಕಿತು, ಒಪ್ಪಂದ ನಿಂತಿತು. ಬಿಳಿಯ ಕುದುರೆಯನ್ನು ಐನೂರಕ್ಕೋ ಸಾವಿರಕ್ಕೋ ಮಾರುತ್ತೇನೆಂದರೆ ಅದೂ ಬಿತ್ತು. ಇಬ್ಬರು ವ್ಯಾಪಾರಿಗಳ ನಡುವೆ ಎಣ್ಣೆಯ ಹೆಸರು ಹೇಳದಿದ್ದರೆ ಕಾಗದ ಸತ್ತಂತೆ. ಕಚೇರಿಯೊಂದು ವಿಧವೆಗೆ ಕಾಗದದ ಹೆಸರು ಹೇಳದಿದ್ದರೆ ಸಾಯುವುದು ಕಾಗದವಲ್ಲ.

ಇದರಲ್ಲಿ ಒಂದು ಚೋದ್ಯವಿದೆ. ಸರ್ಟಿಫಿಕೇಟು ಎಂಬ, ನಮ್ಮ ಹಳ್ಳಿ ಹಳ್ಳಿಗೂ ಗೊತ್ತಿರುವ ಶಬ್ದ ಅದೇ ಕೆರ್ಟುಸ್‌ನ ಮಗು. ಖಚಿತ ಮಾಡಿಕೊಡುವುದು ಎಂದು ಅದರ ಮೂಲಾರ್ಥ. ಹೈಕೋರ್ಟುಗಳಿಗೆ ಸಂವಿಧಾನದ 226ನೆಯ ವಿಧಿ ಕೊಟ್ಟ ರಿಟ್‌ಗಳಲ್ಲಿ ಸರ್ಷಿಯೊರರಿ ಎಂಬುದೂ ಅದೇ ವಂಶ. ಕಚೇರಿ ಆ ಹೆಣ್ಣುಮಗಳಿಗೆ ಸರ್ಟನ್ ಎಂಬ ಒಂದೇ ಮಾತು ಬರೆದು, ಸರ್ಟಿಫಿಕೇಟು ಎಂಬ ಮಾತನ್ನು ಒಳಗಿಟ್ಟುಕೊಂಡಿತು.

ಕಚೇರಿಯನ್ನು ಬಯ್ಯುವುದು ಸುಲಭ. ಅವನು ತನಗೆ ಗೊತ್ತಿದ್ದದ್ದನ್ನು ಹೇಳಲಿಲ್ಲ. ನಾನು ನನಗೆ ಗೊತ್ತಿಲ್ಲದ್ದನ್ನು ಹೇಳಿದೆ, ಅದೂ ಖಂಡಿತ ಎಂದು ಸೇರಿಸಿ. ಇವೆರಡರಲ್ಲಿ ಎಮ್ಮೆ ಯಾವುದಕ್ಕೆ ಹೋಯಿತೆಂದು ನಾನು ಕೆಂಟನ ಹಾಗೆ ಶೇಕಡಾ ಲೆಕ್ಕ ಹಾಕಿ ನೋಡಿದ್ದುಂಟು. ನನ್ನ ಪಾಲು ಐವತ್ತಕ್ಕಿಂತ ಕೆಳಗೆ ಬರುವುದಿಲ್ಲ.

ಪಿಂಚಣಿ ಆಕೆಗೆ ಮಂಜೂರಾಯಿತು, ಹಿಂದಿನ ಬಾಕಿ ಸಮೇತ. ಅದಾಗಿ ಕೆಲವು ತಿಂಗಳಿಗೆ ಇನ್ನೊಂದು ಲಕೋಟೆ ಹಿಡಿದುಕೊಂಡು ಬಂದಳು. ನಾನು ಕನ್ನಡಕ ಹುಡುಕಿ ಹಾಕಿಕೊಂಡು ಕೈಚಾಚಿದೆ. ಆಕೆ ಕೊಡುವ ಮೊದಲು ಹೇಳಿದಳು: "ಮಾಸ್ತರ, ಇದರಾಗ ಏನ್ ಬರದಾರ ಅಷ್ಟ ಹೇಳ್ರಿ. ಬರತೈತೋ ಇಲ್ಲೋ ಅದನ್ನ ನಾ ನೋಡಕೋತೀನಿ."

ಸಿಟ್ಟಿನಿಂದ ಹೇಳಿದ ಮಾತಲ್ಲ. ಅಂಗಡಿಯಲ್ಲಿ ಅರ್ಧ ಕಿಲೊ ಬೆಲ್ಲ ಸಾಕು ಎನ್ನುವ ದನಿ. ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂಬ ಸರ್ಟಿಫಿಕೇಟು ಒಪ್ಪಿಸಬೇಕು ಎಂದು ಆ ಕಾಗದದಲ್ಲಿತ್ತು. ಯಾವ ತಿಂಗಳು, ಯಾರ ಸಹಿ ಎಂಬುದನ್ನೂ ಬರೆದಿದ್ದರು. ಓದಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಎರಡು ಸಲ ಕೇಳಿಕೊಂಡು ಲಕೋಟೆ ಮಡಚಿ ಸೆರಗಿಗೆ ಕಟ್ಟಿಕೊಂಡಳು.